ಒಂದೇ ಚಪ್ಪರದಡಿ ಎರಡು ಮದುವೆ

1898ರ ಆಗಸ್ಟ್ ತಿಂಗಳು. ರಷ್ಯಾ ಸಾಮ್ರಾಜ್ಯದ ನಿಸರ್ಗವಿಜ್ಞಾನಿಗಳೂ ವೈದ್ಯರೂ ಕೀವ್ ನಗರದಲ್ಲಿ ಸಮ್ಮೇಳನ ಸೇರಿದ್ದರು. ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಸೆರ್ಗೇಯ್ ನವಾಶಿನ್ ಅಲ್ಲೊಂದು ವರದಿ ಓದಿದರು. ಲಿಲ್ಲಿ ಕುಟುಂಬದ ಎರಡು ಗಿಡಗಳ ಅಂಡಕಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ತಮಗೆ ಕಂಡದ್ದನ್ನು ಅವರು ಹೇಳಿದರು, ಅಷ್ಟೆ. ಆದರೆ ಆ ವರದಿಯಿಂದ ಹೂಬಿಡುವ ಗಿಡಗಳ ಬೀಜದ ಕಥೆಯನ್ನೇ ತಿದ್ದಿ ಬರೆಯಬೇಕಾಯಿತು.

ಪರಾಗದ ಕಣ ಹೂವಿನ ತುದಿಗೆ ಬಿದ್ದು, ನಳಿಕೆಯೊಂದನ್ನು ಬೆಳೆಸಿಕೊಂಡು ಅಂಡಾಶಯಕ್ಕೆ ಇಳಿಯುತ್ತದೆ ಎಂಬುದು ಆ ಹೊತ್ತಿಗೆ ಹಳೆಯ ವಿಷಯ. ಆ ನಳಿಕೆಯ ಗಂಡು ನ್ಯೂಕ್ಲಿಯಸ್ ಅಂಡದೊಡನೆ ಕೂಡುವುದನ್ನು ಜರ್ಮನಿಯ ಸ್ಟ್ರಾಸ್‌ಬರ್ಗರ್ 1884ರಲ್ಲೇ ತೋರಿಸಿದ್ದರು. ಆದರೆ ನಳಿಕೆ ಹೊತ್ತು ತರುವುದು ಒಂದನ್ನಲ್ಲ, ಎರಡನ್ನು. ಉಳಿದ ಇನ್ನೊಂದು ಏನಾಗುತ್ತದೆ? ಕರಗಿ ಹೋಗುತ್ತದೆ ಎಂದು ಎಲ್ಲರೂ ನಂಬಿದ್ದರು. ನವಾಶಿನ್ ಕಂಡಂತೆ ಅದು ಕರಗುವುದಿಲ್ಲ. ಅಂಡದ ಪಕ್ಕದಲ್ಲೇ ಇರುವ ನಡುಕೋಶಕ್ಕೆ ಹೋಗಿ ಅಲ್ಲಿನ ನ್ಯೂಕ್ಲಿಯಸ್‌ಗಳೊಡನೆ ಬೆರೆಯುತ್ತದೆ. ಮೊದಲ ಕೂಟದಿಂದ ಭ್ರೂಣ ಹುಟ್ಟಿದರೆ ಎರಡನೆಯ ಕೂಟದಿಂದ ಅದರ ಜೊತೆಗಾರ ಅಂಗಾಂಶ ಹುಟ್ಟುತ್ತದೆ. ಒಂದೇ ಚಪ್ಪರ, ಒಂದೇ ಮುಹೂರ್ತ, ಎರಡು ಮದುವೆ.

ಮರುವರ್ಷ ಪ್ಯಾರಿಸ್‌ನಲ್ಲಿ ಲಿಯೋನ್ ಗಿನ್ಯಾರ್ ತಮ್ಮದೇ ದಾರಿಯಲ್ಲಿ ಇದೇ ಮಾತಿಗೆ ಬಂದರು. ಇಂಗ್ಲೆಂಡಿನಲ್ಲಿ ಎಥೆಲ್ ಸಾರ್ಜೆಂಟ್ ತಮ್ಮ ಬಳಿಯಿದ್ದ ಲಿಲ್ಲಿಯ ಸ್ಲೈಡುಗಳಲ್ಲಿ ಹುಳುವಿನಂತೆ ಬಳುಕಿದ ಆ ಜೋಡಿ ನ್ಯೂಕ್ಲಿಯಸ್‌ಗಳನ್ನು ಗುರುತಿಸಿದರು. ಯುರೋಪಿನ ಎಷ್ಟೋ ಪ್ರಯೋಗಾಲಯಗಳಲ್ಲಿ ಲಿಲ್ಲಿಯ ಸ್ಲೈಡುಗಳು ವರ್ಷಗಟ್ಟಲೆ ಇದ್ದವು, ನೋಡುವ ಕಣ್ಣುಗಳೂ ಇದ್ದವು. ಆದರೆ ಎರಡನೆಯ ಮದುವೆ ನಡೆಯಬಹುದೆಂಬ ಕಲ್ಪನೆಯೇ ಇಲ್ಲದವರಿಗೆ ಅದು ಕಣ್ಣೆದುರೇ ನಡೆದರೂ ಕಾಣಲಿಲ್ಲ.

ಆ ಜೊತೆಗಾರ ಅಂಗಾಂಶಕ್ಕೆ ನಮ್ಮ ಪಠ್ಯಪುಸ್ತಕಗಳು ಇಟ್ಟಿರುವ ಹೆಸರು ಭ್ರೂಣಾಹಾರ. ಅಕ್ಕಿಯ ಬಿಳುಪು ಅದೇ, ರಾಗಿಯ ಹಿಟ್ಟು ಬಹುಪಾಲು ಅದೇ, ಗೋಧಿ, ಜೋಳ, ತೆಂಗಿನಕಾಯಿಯ ತಿರುಳು ಎಲ್ಲವೂ ಅದೇ. ಮನುಷ್ಯಕುಲ ಹೆಚ್ಚಾಗಿ ಉಣ್ಣುವುದು ಈ ಅಂಗಾಂಶವನ್ನು. ಭ್ರೂಣಕ್ಕೆ ಆಹಾರ ಎಂಬ ಹೆಸರು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ನವಾಶಿನ್ ಅವರ ನಂತರದ ನೂರಿಪ್ಪತ್ತು ವರ್ಷಗಳ ಸಂಶೋಧನೆ, ಬುತ್ತಿ ಎಂದುಕೊಂಡದ್ದೇ ಬೀಜದೊಳಗೆ ಸುದ್ದಿ ಮುಟ್ಟಿಸುವ ಮಧ್ಯಸ್ಥ ಎಂದು ನಿಧಾನವಾಗಿ ಅರಿತ ಕಥೆ.

ಬೀಜದೊಳಗೆ ಯಾರು ಯಾರು ಇದ್ದಾರೆ ಎಂಬುದನ್ನು ಮೊದಲು ಹೇಳಿಬಿಡಬೇಕು. ಹೊರಗಿನ ಸಿಪ್ಪೆ ತಾಯಿಗಿಡದ್ದೇ ಮೈ, ಅದರಲ್ಲಿ ತಂದೆಯ ಪಾಲಿಲ್ಲ. ಒಳಗಿನ ಭ್ರೂಣದಲ್ಲಿ ತಾಯಿಯದೊಂದು ಪಾಲು, ತಂದೆಯದೊಂದು ಪಾಲು. ಭ್ರೂಣಾಹಾರದಲ್ಲಿ ಸಾಮಾನ್ಯವಾಗಿ ತಾಯಿಯ ಎರಡು ಪಾಲು, ತಂದೆಯ ಒಂದು ಪಾಲು. ನವಾಶಿನ್ ನೋಡಿದ ಲಿಲ್ಲಿ ಮಾತ್ರ ಈ ಲೆಕ್ಕಕ್ಕೆ ಹೊರತು. ಅದರಲ್ಲಿ ತಾಯಿಯ ಪಾಲು ನಾಲ್ಕು ಎಂಬುದು 1928ರಲ್ಲಿ ಇಟಲಿಯ ವಲೇರಿಯಾ ಬಂಬಚೋನಿ ಅವರ ಕೆಲಸದಿಂದ ಬೆಳಕಿಗೆ ಬಂತು. ಅಂತೂ ಒಂದು ಕಾಳಿನೊಳಗೆ ಮೂರು ಬಗೆಯ ವಂಶವಾಹಿ ಲೆಕ್ಕದ ಮೂರು ಜೀವಗಳು. ಗಿಡದ ಬೇರೆಡೆ ಅಕ್ಕಪಕ್ಕದ ಜೀವಕೋಶಗಳ ನಡುವೆ ಗೋಡೆ ಕೊರೆದ ಸಣ್ಣ ಹಾದಿಗಳಿರುತ್ತವೆ. ಬೀಜದಲ್ಲಿ ತಾಯಿಯ ಅಂಗಾಂಶಕ್ಕೂ ಒಳಗಿನವಕ್ಕೂ ನಡುವೆ ಅಂಥ ಹಾದಿ ಇರುವುದಿಲ್ಲ. ಸಕ್ಕರೆಯಾಗಲಿ ಸುದ್ದಿಯಾಗಲಿ, ಒಬ್ಬರು ಹೊರಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು.

ಎರಡನೆಯ ಮದುವೆಯ ಸುದ್ದಿ ಹಬ್ಬಿದೊಡನೆ ಹಳೆಯ ಒಗಟೊಂದು ಬಿಡಿಸಿಕೊಂಡಿತು. ಬಿಳಿ ಮುಸುಕಿನ ಜೋಳದ ಹೂವಿಗೆ ಹಳದಿ ಅಥವಾ ನೀಲಿ ತಳಿಯ ಪರಾಗ ಬಿದ್ದರೆ ಆ ವರ್ಷದ ತೆನೆಯಲ್ಲೇ ಬಣ್ಣದ ಕಾಳುಗಳು ಕಾಣುತ್ತವೆ. ತಂದೆಯ ಗುಣ ಮುಂದಿನ ಪೀಳಿಗೆಯ ಗಿಡದಲ್ಲಿ ತಾನೇ ಬರಬೇಕು, ಈಗಲೇ ಹೇಗೆ ಬಂತು? 1899ರಲ್ಲಿ ಡಚ್ಚರ ಹ್ಯೂಗೋ ಡಿ ವ್ರೀಸ್ ಮತ್ತು ಜರ್ಮನಿಯ ಕಾರ್ಲ್ ಕೊರೆನ್ಸ್ ಬೇರೆ ಬೇರೆಯಾಗಿ ಕೊಟ್ಟ ಉತ್ತರ ಒಂದೇ: ನಮಗೆ ಕಾಣುವ ಬಣ್ಣ ಭ್ರೂಣಾಹಾರದ್ದು, ಅದಕ್ಕೂ ತಂದೆ ಇದ್ದಾನೆ. ಸಿಹಿ ಜೋಳದ ಹೊಲದ ಪಕ್ಕ ಮಾಮೂಲಿ ಜೋಳ ಹಾಕಿದ ರೈತನಿಗೆ ಕಾಳಿನ ಸಿಹಿ ಕೆಡುವುದೂ ಇದೇ ಕಾರಣದಿಂದ.

1904ರಲ್ಲಿ ಜರ್ಮನ್ ಸಸ್ಯವಿಜ್ಞಾನಿ ಹಾನಿಗ್ ಬೀಜವನ್ನು ಬಿಚ್ಚಿ ಒಳಗಿನ ಭ್ರೂಣವನ್ನು ಹೊರತೆಗೆದರು. ಮೂಲಂಗಿ ಜಾತಿಯ ಭ್ರೂಣಗಳನ್ನು ಸಕ್ಕರೆ, ಲವಣ ಬೆರೆಸಿದ ದ್ರವದಲ್ಲಿ ಇಟ್ಟರು. ಸ್ವಲ್ಪ ಬಲಿತವು ಬದುಕಿದವು. ಆದರೆ ಪೂರ್ತಿ ಬಲಿಯುವ ತಾಳ್ಮೆ ಅವಕ್ಕೆ ಇರಲಿಲ್ಲ, ಅರ್ಧಕ್ಕೇ ಮೊಳೆಯತೊಡಗಿದವು. ಬೀಜದೊಳಗಿದ್ದಾಗ ಹಾಗೆ ಮಾಡದ ಭ್ರೂಣ ಹೊರಬಂದೊಡನೆ ಅವಸರ ಮಾಡಿತು ಎಂದರೆ, ಒಳಗೆ ಯಾರೋ ಅದಕ್ಕೆ ‘ಇನ್ನೂ ಹೊತ್ತಾಗಿಲ್ಲ, ತಡೆ’ ಎನ್ನುತ್ತಿದ್ದರು ಎಂದಾಯಿತು. ಆ ತಡೆಯ ಮುಖ್ಯ ಅಣು ಅಬ್ಸಿಸಿಕ್ ಆಮ್ಲ ಎಂದು ತಿಳಿಯಲು 1960ರ ದಶಕ ಬರಬೇಕಾಯಿತು. ಆ ಆಮ್ಲವನ್ನು ತಯಾರಿಸಲಾಗದ ಜೋಳದ ವಿಕೃತ ತಳಿಗಳಲ್ಲಿ ಕಾಳು ತೆನೆಯಲ್ಲೇ ಮೊಳೆಯುತ್ತದೆ. ನಮ್ಮ ಕರಾವಳಿಯ ಅಳಿವೆಗಳಲ್ಲಿ ಕಾಂಡ್ಲಾ ಮರದ ಬೀಜ ಮರದಲ್ಲಿ ತೂಗುತ್ತಲೇ ಮೊಳೆತು ಕೋಲಿನಂತೆ ಇಳಿಬಿಡುತ್ತದಲ್ಲ, ಅಲ್ಲಿ ಈ ತಡೆ ಸಡಿಲವಾಗಿರುವುದೇ ಬದುಕುವ ಉಪಾಯ.

ಹಾನಿಗ್ ಅವರ ನಂತರ ನನಗೆ ಬಹಳ ಇಷ್ಟವಾಗುವ ವ್ಯಕ್ತಿ ಫ್ರೀಡ್ರಿಕ್ ಲೈಬಾಕ್. 1925ರಲ್ಲಿ ಅವರು ಅಗಸೆಯ ಎರಡು ಕಾಡು ಪ್ರಭೇದಗಳನ್ನು ಸಂಕರ ಮಾಡಿಸಿದ ಪ್ರಯೋಗದ ವಿವರ ಪ್ರಕಟಿಸಿದರು. ಗಿಡದಲ್ಲಿ ಆದದ್ದು ಮುರುಟಿದ ಬೀಜಗಳು. ನಮ್ಮಲ್ಲಾದರೆ ಜೊಳ್ಳು ಎಂದು ತೂರಿಬಿಡುತ್ತಿದ್ದೆವು. ಲೈಬಾಕ್ ತೂರಲಿಲ್ಲ. ಒಂದೊಂದೇ ಬೀಜ ಬಿಡಿಸಿ, ಒಳಗಿನ ಸಣಕಲು ಭ್ರೂಣ ತೆಗೆದು, ಸಕ್ಕರೆ ನೀರಿನ ತೇವದಲ್ಲಿಟ್ಟು ಸಾಕಿದರು. ಅವು ಗಿಡವಾದವು, ಹೂಬಿಟ್ಟವು. ಭ್ರೂಣದಲ್ಲಿ ರೋಗವಿರಲಿಲ್ಲ, ಅದರ ಸುತ್ತಲಿನ ಮನೆ ಕೆಟ್ಟಿತ್ತು. ಜೊಳ್ಳೆಂದರೆ ಸತ್ತ ಮಗು ಎಂದಲ್ಲ, ಮನೆಯಲ್ಲಿ ಮಾತು ನಿಂತಿದೆ ಎಂದು ಅರ್ಥ ಮಾಡಿಕೊಳ್ಳಲು ದಾರಿ ಆಯಿತು. ಬೇರೆ ಬೇರೆ ಪ್ರಭೇದಗಳನ್ನು ಕೂಡಿಸಿ ಹೊಸ ತಳಿ ಮಾಡುವವರು ಇಂದಿಗೂ ಈ ‘ಭ್ರೂಣ ಬಿಡಿಸಿ ಉಳಿಸುವ’ ವಿದ್ಯೆಯನ್ನೇ ಬಳಸುತ್ತಾರೆ.

ಮನೆ ಕೆಡುವುದು ಹೇಗೆ ಎಂಬುದನ್ನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬ್ರಿಂಕ್ ಮತ್ತು ಕೂಪರ್ 1940ರ ದಶಕದಲ್ಲಿ ಹಂತ ಹಂತವಾಗಿ ನೋಡಿದರು. ವಿಫಲವಾಗುವ ಸಂಕರಗಳಲ್ಲಿ ಮೊದಲು ಸೋಲುವುದು ಭ್ರೂಣವಲ್ಲ, ಭ್ರೂಣಾಹಾರ. ಅದರ ಬೆಳವಣಿಗೆ ತಗ್ಗಿದೊಡನೆ ತಾಯಿಯ ಅಂಗಾಂಶ ಅಡ್ಡಾದಿಡ್ಡಿ ಬೆಳೆದು ಜಾಗ ಹಿಡಿಯುತ್ತದೆ, ಪೋಷಣೆ ಅತ್ತ ಹರಿಯುತ್ತದೆ, ಭ್ರೂಣ ಹಸಿದು ಸಾಯುತ್ತದೆ. ಭ್ರೂಣಾಹಾರ ಸುಮ್ಮನೆ ಕುಳಿತ ಉಗ್ರಾಣವಲ್ಲ, ತಾಯಿಯಿಂದ ಮಗುವಿನ ಪಾಲನ್ನು ಗಟ್ಟಿಯಾಗಿ ಕೇಳಿ ಪಡೆಯುವ ಜೀವ ಎಂದು 1947ರಲ್ಲಿ ಅವರು ಬರೆದ ವಿಸ್ತಾರ ಲೇಖನ ವಾದಿಸಿತು. ಆ ವಾದ ಇಂದಿಗೂ ನಿಂತಿದೆ.

ಇದರ ನಡುವೆ ತೆಂಗಿನಕಾಯಿ ಬಂತು. ದತ್ತೂರದ ಬಹಳ ಎಳೆಯ ಭ್ರೂಣಗಳನ್ನು ಹೊರಗೆ ಸಾಕಲು ಅಮೆರಿಕದ ಬ್ಲೇಕ್ಸ್‌ಲೀ ಅವರ ತಂಡ ಹೆಣಗುತ್ತಿತ್ತು. ಸಕ್ಕರೆ, ಲವಣ, ಜೀವಸತ್ವ ಏನು ಕೊಟ್ಟರೂ ಎಳೆಯವು ಬದುಕುತ್ತಿರಲಿಲ್ಲ. 1941ರಲ್ಲಿ ವ್ಯಾನ್ ಓವರ್‌ಬೀಕ್, ಮೇರಿ ಕಾಂಕ್ಲಿನ್ ಮತ್ತು ಬ್ಲೇಕ್ಸ್‌ಲೀ ಆ ದ್ರವಕ್ಕೆ ಎಳನೀರಿನ ಸಾರ ಸೇರಿಸಿದರು. ಭ್ರೂಣಗಳು ಬೆಳೆದವು.

ಎಳನೀರಲ್ಲಿ ಅಂಥದ್ದೇನಿದೆ? ಎಳನೀರೆಂದರೆ ಭ್ರೂಣಾಹಾರವೇ, ಇನ್ನೂ ಗೋಡೆ ಕಟ್ಟಿಕೊಳ್ಳದ ಭ್ರೂಣಾಹಾರ. ತೆಂಗಿನ ನಡುಕೋಶ ದೊಡ್ಡದಾಗುತ್ತಾ ಹೋಗುತ್ತದೆ, ನ್ಯೂಕ್ಲಿಯಸ್‌ಗಳು ಗೋಡೆಯಿಲ್ಲದೆ ಆ ನೀರಿನಲ್ಲೇ ಹೆಚ್ಚುತ್ತವೆ, ಆಮೇಲೆ ಅಂಚಿಗೆ ಬಂದು ಗೋಡೆ ಕಟ್ಟಿಕೊಳ್ಳುತ್ತವೆ. ಎಳನೀರು ಮಾರುವವರು ‘ಗಂಜಿ ಬೇಕಾ?’ ಎಂದು ಕೇಳುವಾಗ ಕೇಳುತ್ತಿರುವುದು ಆ ಗೋಡೆ ಕಟ್ಟುವ ಕೆಲಸ ಎಷ್ಟಾಗಿದೆ ಎಂದೇ. ಭತ್ತದ ತೆನೆ ಹಾಲು ತುಂಬಿಕೊಳ್ಳುವುದೂ ಇದೇ ಹಂತಗಳ ಸಣ್ಣ ರೂಪ. ದತ್ತೂರದ ಮಗುವಿಗೆ ತೆಂಗಿನ ಭ್ರೂಣಾಹಾರದ ಮಾತು ಅರ್ಥವಾಯಿತು ಎಂಬುದನ್ನು ನಾನು ಎಷ್ಟು ಸಲ ನೆನೆದರೂ ಬೆರಗು ಕಡಿಮೆಯಾಗುವುದಿಲ್ಲ. ಎರಡು ಗಿಡಗಳ ಕುಲ ಬೇರೆ, ನೆಲ ಬೇರೆ. ಭಾಷೆ ಮಾತ್ರ ಒಂದೇ. ಆ ಭಾಷೆಯ ಕೆಲವು ಪದಗಳು ಮುಂದೆ ಸಿಕ್ಕವು. ಜೀವಕೋಶಗಳನ್ನು ವಿಭಜನೆಗೆ ಹಚ್ಚುವ ಸೈಟೊಕೈನಿನ್‌ಗಳ ಕುಟುಂಬದ ಮೊದಲ ಅಣುವನ್ನು 1955ರಲ್ಲಿ ಮಿಲ್ಲರ್ ಮತ್ತು ಸ್ಕೂಗ್ ತಂಡ ಗುರುತಿಸಿತು. ಗಿಡದೊಳಗೇ ಇರುವ ಅದರ ಸೋದರ ಅಣುವನ್ನು ಲೆಥಮ್ 1963ರಲ್ಲಿ ಎಳೆಯ ಮುಸುಕಿನ ಜೋಳದ ಕಾಳುಗಳಿಂದ ಬೇರ್ಪಡಿಸಿ, ಜೋಳದ ಲ್ಯಾಟಿನ್ ಹೆಸರಿನಿಂದ ಜಿಯಾಟಿನ್ ಎಂದು ಕರೆದರು. ಅದು ಎಳನೀರಿನಲ್ಲೂ ಸಿಕ್ಕಿತು.

ಭಾರತದಲ್ಲಿ ಈ ವಿದ್ಯೆಗೆ ಮನೆ ಕಟ್ಟಿದವರು ದೆಹಲಿ ವಿಶ್ವವಿದ್ಯಾಲಯದ ಪಂಚಾನನ ಮಾಹೇಶ್ವರಿ. 1950ರಲ್ಲಿ ಬಂದ ಅವರ ಸಸ್ಯಭ್ರೂಣಶಾಸ್ತ್ರದ ಪಠ್ಯ ಜಗತ್ತಿನಾದ್ಯಂತ ಓದಲ್ಪಟ್ಟಿತು. 1962ರಲ್ಲಿ ಅವರ ವಿಭಾಗದ ಕುಸುಮ ಕಾಂತಾ, ರಂಗಸ್ವಾಮಿ ಮತ್ತು ಮಾಹೇಶ್ವರಿ ಸೇರಿ ಗಸಗಸೆ ಗಿಡದ ಅಂಡಕಗಳನ್ನೂ ಪರಾಗವನ್ನೂ ಗಾಜಿನ ನಳಿಕೆಯಲ್ಲಿ ಒಟ್ಟಿಗಿಟ್ಟರು. ಹೂವಿನ ತುದಿಯಿಲ್ಲ, ಅಂಡಾಶಯದ ಗೋಡೆಯಿಲ್ಲ. ಆದರೂ ಪರಾಗನಳಿಕೆ ಅಂಡಕವನ್ನು ಹುಡುಕಿ ಸೇರಿತು, ಬೀಜ ಬಲಿಯಿತು. ಕರೆಯುವ ದನಿ ಅಂಡಕದ್ದೇ ಇರಬೇಕು ಎಂಬ ಸುಳಿವು ಅಲ್ಲೇ ಇತ್ತು.

ಅದೇ ಪರಂಪರೆಯ ಇನ್ನೊಂದು ಕವಲಿನಲ್ಲಿ ನಮ್ಮವರೊಬ್ಬರಿದ್ದರು. ಬಿ.ಜಿ.ಎಲ್. ಸ್ವಾಮಿ ಎಂದರೆ ಕನ್ನಡ ಓದುಗರಿಗೆ ‘ಹಸುರು ಹೊನ್ನು’ ನೆನಪಾಗುತ್ತದೆ. ಸಸ್ಯವಿಜ್ಞಾನಿಗಳಿಗೆ ನೆನಪಾಗುವುದು ಆರ್ಕಿಡ್‌ಗಳ ಭ್ರೂಣಶಾಸ್ತ್ರದ ಬಗ್ಗೆ 1949ರಲ್ಲಿ ಎರಡು ಭಾಗಗಳಲ್ಲಿ ಬಂದ ಅವರ ಅಧ್ಯಯನ. ಮಲೆನಾಡಿನ ಮರಗಳ ಮೇಲೆ ತೂಗುವ ಸೀತಾಳೆ ದಂಡೆಯ ಬೀಜ ನೋಡಿದವರಿಗೆ ಗೊತ್ತು, ಅದು ಧೂಳಿನಂತೆ ಇರುತ್ತದೆ. ಆರ್ಕಿಡ್‌ಗಳಲ್ಲಿ ಭ್ರೂಣಾಹಾರ ಬೆಳೆಯುವುದೇ ಇಲ್ಲ, ಬೆಳೆದರೂ ಬೇಗ ನಿಂತುಬಿಡುತ್ತದೆ. ಎಷ್ಟೋ ಆರ್ಕಿಡ್‌ಗಳಲ್ಲಿ ಭ್ರೂಣದ ತೊಟ್ಟಿನಂಥ ಭಾಗವೇ ಬೇರುಗಳಂತೆ ಕೈ ಚಾಚಿ ತಾಯಿಯಿಂದ ಪೋಷಣೆ ಹೀರುತ್ತದೆ. ಹೊರಬಿದ್ದ ಮೇಲೆ ಮೊಳೆಯಲು ಬೂಷ್ಟಿನ ನೆರವು ಬೇಕು ಎಂಬುದನ್ನು ಫ್ರಾನ್ಸಿನ ನೋಯೆಲ್ ಬೆರ್ನಾರ್ 1899ರಲ್ಲಿ ಕಂಡಿದ್ದರು. ಮಧ್ಯಸ್ಥನಿಲ್ಲದ ಮನೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಪ್ರಕೃತಿಯೇ ಮಾಡಿಟ್ಟ ಪ್ರಯೋಗ ಇದು. ಸ್ವಾಮಿಯವರ ಕನ್ನಡ ಬರಹವನ್ನು ಮೆಚ್ಚುವ ನಾವು ಅವರ ಈ ಕೆಲಸವನ್ನೂ ಅಷ್ಟೇ ಹೆಮ್ಮೆಯಿಂದ ನೆನೆಯಬೇಕು ಎಂಬುದು ನನ್ನ ಬಹುದಿನಗಳ ಆಸೆ.

ಕರೆಯುವ ದನಿಯ ಮಾತಿಗೆ ಮತ್ತೆ ಬರುತ್ತೇನೆ. ಅಂಡ ಇರುವುದು ಅಂಡಕದ ಒಳಗೆ, ನೋಡಲು ಅಡ್ಡಿ. ಕೆಲವು ಗಿಡಗಳಲ್ಲಿ ಮಾತ್ರ, ಅಂಡವೂ ನಡುಕೋಶವೂ ಇರುವ ಭ್ರೂಣಸಂಚಿ ಅಂಡಕದಿಂದ ಹೊರಗೆ ಚಾಚಿರುತ್ತದೆ. ನಮ್ಮ ಶ್ರೀಗಂಧ ಅಂಥದ್ದು. ವಿಲಿಯಂ ಗ್ರಿಫಿತ್ 1830ರ ದಶಕದಲ್ಲೇ ಅದನ್ನು ಗಮನಿಸಿದ್ದರು. ತೋಟಗಳಲ್ಲಿ ಬೆಳೆಸುವ ಟೊರೇನಿಯಾ ಕೂಡ ಹಾಗೆಯೇ. ಜಪಾನಿನ ಟೆಟ್ಸುಯಾ ಹಿಗಾಶಿಯಾಮ ಟೊರೇನಿಯಾದಲ್ಲಿ ಒಂದೊಂದೇ ಜೀವಕೋಶವನ್ನು ಲೇಸರಿನಿಂದ ಸುಟ್ಟು ನೋಡಿದರು. ಅಂಡದ ಎರಡೂ ಮಗ್ಗುಲಲ್ಲಿ ಕಾವಲಿರುವ ಜೋಡಿ ಸಹಾಯಕ ಕೋಶಗಳು ಹೋದರೆ ಪರಾಗನಳಿಕೆಗೆ ದಾರಿ ತಪ್ಪುತ್ತದೆ ಎಂದು 2001ರಲ್ಲಿ ತೋರಿಸಿದರು. ಆ ಕೋಶಗಳು ಹೊರಬಿಡುವ ಸಣ್ಣ ಪ್ರೋಟೀನುಗಳನ್ನು 2009ರಲ್ಲಿ ಅವರ ತಂಡ ಕೈಗೇ ಹಿಡಿದುಕೊಟ್ಟಿತು.

ಅಷ್ಟರಲ್ಲಿ ಬೀಜದ ಇತಿಹಾಸಕ್ಕೆ ಇನ್ನೊಂದು ಗಿಡ ಬಂದಿತ್ತು, ಅರಾಬಿಡಾಪ್ಸಿಸ್. ಸಾಸಿವೆಯ ನೆಂಟ, ಗೇಣುದ್ದದ ಕಳೆ. ಇದನ್ನು ತಳಿಶಾಸ್ತ್ರದ ಮಾದರಿ ಗಿಡ ಮಾಡಿಕೊಳ್ಳಿ ಎಂದು 1943ರಲ್ಲಿ ಸೂಚಿಸಿದವರು ಅಗಸೆಯ ಜೊಳ್ಳನ್ನು ಬದುಕಿಸಿದ ಅದೇ ಲೈಬಾಕ್. ಸಲಹೆಗೆ ಬೆಲೆ ಬರಲು ದಶಕಗಳು ಬೇಕಾದವು.

ಅದಕ್ಕೂ ಮುಂಚೆ, 1970ರಲ್ಲಿ, ವಿಸ್ಕಾನ್ಸಿನ್‌ನಲ್ಲಿ ಜೆರ್ರಿ ಕರ್ಮಿಕಲ್ ಜೋಳದ ಕಾಳಿನ ಒಂದು ವಿಚಿತ್ರವನ್ನು ಬಿಡಿಸಿದ್ದರು. ಬಣ್ಣ ಕೊಡುವ ಒಂದು ವಂಶವಾಹಿ ತಾಯಿಯಿಂದ ಬಂದರೆ ಕಾಳು ಪೂರ್ತಿ ಬಣ್ಣವಾಗುತ್ತದೆ, ತಂದೆಯಿಂದ ಬಂದರೆ ಚುಕ್ಕೆ ಚುಕ್ಕೆಯಾಗುತ್ತದೆ. ಪ್ರಮಾಣ ಸರಿದೂಗಿಸಿದರೂ ಹಾಗೆಯೇ. ವಂಶವಾಹಿ ಒಂದೇ, ಆದರೆ ಯಾರ ಕಡೆಯಿಂದ ಬಂತು ಎಂಬ ಗುರುತು ಅದರ ಮೇಲಿದೆ. ಈ ಗುರುತು ಏಕಿರಬೇಕು? 1989ರಲ್ಲಿ ಡೇವಿಡ್ ಹೇಗ್ ಮತ್ತು ಮಾರ್ಕ್ ವೆಸ್ಟೊಬಿ ಕೊಟ್ಟ ವಿವರಣೆ ನನಗೆ ಅತ್ಯಂತ ಒಪ್ಪಿಗೆಯಾದದ್ದು. ಒಂದು ಗಿಡದ ನೂರು ಬೀಜಗಳಿಗೂ ತಾಯಿ ಒಬ್ಬಳೇ, ತಂದೆಯರು ಹಲವರಿರಬಹುದು. ತಾಯಿಗೆ ಎಲ್ಲ ಮಕ್ಕಳಿಗೂ ಸಮವಾಗಿ ಹಂಚುವುದು ಲಾಭ. ತಂದೆಗೆ ತನ್ನ ಮಗುವಿಗೆ ಹೆಚ್ಚು ಎಳೆದುಕೊಳ್ಳುವುದು ಲಾಭ. ಹಂಚಿಕೆ ನಡೆಯುವ ಜಾಗ ಭ್ರೂಣಾಹಾರ. ಹಾಗಾಗಿ ಆ ಇಬ್ಬರ ಜಗಳವೂ ರಾಜಿಯೂ ಅಲ್ಲೇ.

ಈ ಮಾತಿಗೆ ಅರಾಬಿಡಾಪ್ಸಿಸ್ ಪುರಾವೆ ಒದಗಿಸಿತು. 1996ರಿಂದ 1998ರ ನಡುವೆ ಕೆಲವು ವಿಕೃತ ಗಿಡಗಳು ಸಿಕ್ಕವು. ಕೆಲವುಗಳಲ್ಲಿ ಪರಾಗ ಬೀಳದೆಯೇ ಭ್ರೂಣಾಹಾರ ಬೆಳೆಯತೊಡಗುತ್ತಿತ್ತು. ಆಸ್ಟ್ರೇಲಿಯಾದಲ್ಲಿ ಇಂಥ ಗಿಡಗಳನ್ನು ಹುಡುಕಿದ ತಂಡದ ಮುಂದಾಳು ಬಂಗಾಳಿ ಮೂಲದ ಆಬೇದ್ ಚೌಧುರಿ. ಅಮೆರಿಕದಲ್ಲಿ ಗ್ರಾಸ್‌ನಿಕ್ಲಾಸ್ ತಂಡ ಕಂಡ ವಂಶವಾಹಿಗೆ ಮಕ್ಕಳನ್ನು ಕೊಂದ ಗ್ರೀಕ್ ಪುರಾಣದ ತಾಯಿ ಮೀಡಿಯಾಳ ಹೆಸರಿಟ್ಟರು. ತಾಯಿಯ ಕಡೆಯ ಪ್ರತಿ ಕೆಟ್ಟಿದ್ದರೆ ತಂದೆ ಎಷ್ಟೇ ಸರಿಯಿದ್ದರೂ ಬೀಜ ಸಾಯುತ್ತಿತ್ತು. ತಾಯಿ ಒಂದು ಬ್ರೇಕು ಹಾಕಿಟ್ಟಿದ್ದಾಳೆ, ಪರಾಗ ಬಂದ ಮೇಲೆ ಮಾತ್ರ ಅದು ಸಡಿಲವಾಗಬೇಕು ಎಂಬುದು ಇದರಿಂದ ತಿಳಿಯಿತು.

ಸಿಪ್ಪೆಯ ಪ್ರಶ್ನೆ ಉಳಿದಿತ್ತು. ಸಿಪ್ಪೆ ತಾಯಿಯ ಅಂಗಾಂಶ, ಅದಕ್ಕೆ ಮದುವೆಯೇ ಇಲ್ಲ. ಒಳಗೆ ಮದುವೆಯಾಯಿತೆಂದು ಅದಕ್ಕೆ ಹೇಳುವವರು ಯಾರು? 2015, 2016ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಡುಆರ್ತೆ ಫಿಗೆಯಿರೆದೊ ಮತ್ತು ಕ್ಲಾಡಿಯಾ ಕೋಲರ್ ತಂಡ ಉತ್ತರ ತಂದಿತು. ಮದುವೆ ಮುಗಿದೊಡನೆ ಭ್ರೂಣಾಹಾರ ಆಕ್ಸಿನ್ ಎಂಬ ಹಾರ್ಮೋನು ತಯಾರಿಸಿ ಹೊರಗೆ ಕಳಿಸುತ್ತದೆ. ಅದು ತಲುಪಿದ ಮೇಲೆ ಅಂಡಕದ ಹೊದಿಕೆ ಸಿಪ್ಪೆಯಾಗತೊಡಗುತ್ತದೆ. ಸುದ್ದಿ ಭ್ರೂಣದಿಂದ ಹೋಗುವುದಿಲ್ಲ, ಮಧ್ಯಸ್ಥನಿಂದಲೇ ಹೋಗುತ್ತದೆ. ಎಲ್ಲ ಗಿಡಗಳಲ್ಲೂ ಹೀಗಲ್ಲ, ಶ್ರೀಗಂಧದ ಅಂಡಕಕ್ಕೆ ಹೊದಿಕೆಯೇ ಇಲ್ಲ. ಅದರ ಬೀಜವನ್ನು ಕಾಯುವುದು ಹಣ್ಣಿನ ಒಳಗಿನ ಗಟ್ಟಿ ಓಟೆ.

2020ರ ಜನವರಿಯಲ್ಲಿ ಪ್ರಕಟವಾದ ಒಂದು ಕೆಲಸವನ್ನು ಇಲ್ಲಿ ನಿಧಾನವಾಗಿ ಹೇಳಲೇಬೇಕು. ಫ್ರಾನ್ಸಿನ ಲಿಯೋನ್ ನಗರದ ಗ್ವಿನೆತ್ ಇಂಗ್ರಾಮ್ ತಂಡ ಜರ್ಮನಿ, ಸ್ವಿಟ್ಜರ್ಲೆಂಡಿನ ಪ್ರಯೋಗಾಲಯಗಳೊಡನೆ ಸೇರಿ ಮಾಡಿದ್ದು. ಭ್ರೂಣ ಬೆಳೆಯುತ್ತಾ ಮೈಮೇಲೆ ಮೇಣದಂಥ ತೆಳು ಪದರ ಕಟ್ಟಿಕೊಳ್ಳಬೇಕು. ಇಲ್ಲದಿದ್ದರೆ ಸಸಿಯ ಮೈ ಸುತ್ತಲಿನದಕ್ಕೆ ಅಂಟುತ್ತದೆ, ಹೊರಬಂದಾಗ ಒಣಗುತ್ತದೆ. ಪದರದಲ್ಲಿ ಬಿರುಕು ಉಳಿದಿದೆಯೇ ಎಂದು ಭ್ರೂಣಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಅದು ಒಂದು ಸಣ್ಣ ಪ್ರೋಟೀನನ್ನು ಅರೆಬರೆಯಾಗಿ ತಯಾರಿಸಿ ಹೊರಬಿಡುತ್ತದೆ. ಬಿರುಕಿದ್ದರೆ ಅದು ಸೋರಿ ಭ್ರೂಣಾಹಾರದ ಕಡೆ ಹೋಗುತ್ತದೆ. ಅಲ್ಲಿರುವ ಕಿಣ್ವವೊಂದು ಅದನ್ನು ಕತ್ತರಿಸಿ ಸರಿಯಾದ ರೂಪಕ್ಕೆ ತರುತ್ತದೆ. ಆ ತುಂಡು ಅದೇ ಬಿರುಕಿನಿಂದ ಮರಳಿ ಬಂದು ಭ್ರೂಣದ ಮೇಲ್ಮೈಯ ಗ್ರಾಹಕಗಳಿಗೆ ತಗುಲುತ್ತದೆ, ಭ್ರೂಣ ಪದರ ಕಟ್ಟುವ ಕೆಲಸ ಮುಂದುವರಿಸುತ್ತದೆ. ಬಿರುಕು ಮುಚ್ಚಿದರೆ ಪ್ರೋಟೀನಿಗೂ ಕಿಣ್ವಕ್ಕೂ ಭೇಟಿಯೇ ಇಲ್ಲ, ಉತ್ತರ ಬರುವುದಿಲ್ಲ. ಉತ್ತರ ಬರದಿರುವುದೇ ‘ಕೆಲಸ ಮುಗಿಯಿತು’ ಎಂಬ ಉತ್ತರ. ಹೊಸ ಮಡಕೆಗೆ ನೀರು ತುಂಬಿಟ್ಟು ಸೋರುತ್ತದೆಯೇ ಎಂದು ಪಕ್ಕದವರನ್ನು ಕೇಳುವಷ್ಟೇ ಸರಳ, ಅಷ್ಟೇ ನಂಬಿಕೆಯದು.

ಕತ್ತರಿಸುವ ಆ ಕಿಣ್ವದ ವಂಶವಾಹಿಯನ್ನು 2001ರಲ್ಲೇ ಜಪಾನಿನಲ್ಲಿ ಗುರುತಿಸಿದ್ದರು. ಭ್ರೂಣಾಹಾರದಲ್ಲಿ ಕೆಲಸ ಮಾಡುವ ವಂಶವಾಹಿ ಕೆಟ್ಟರೆ ಭ್ರೂಣದ ಮೈ ಏಕೆ ಕೆಡಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗಲು ಹತ್ತೊಂಬತ್ತು ವರ್ಷ ಹಿಡಿಯಿತು.

ಈಗ ರೈತರಿಗೆ ನೇರ ಮುಟ್ಟುವ ಕೆಲಸವೊಂದು ನಡೆದಿದೆ. ಹೈಬ್ರಿಡ್ ಭತ್ತದ ಬೀಜವನ್ನು ಮರುವರ್ಷಕ್ಕೆ ಎತ್ತಿಟ್ಟುಕೊಂಡರೆ ತಳಿ ಒಡೆಯುತ್ತದೆ, ಮತ್ತೆ ಅಂಗಡಿಗೆ ಹೋಗಬೇಕು. ತಂದೆಯಿಲ್ಲದೆಯೇ ತಾಯಿಯ ಪಡಿಯಚ್ಚಿನ ಭ್ರೂಣ ಹುಟ್ಟಿಸಿದರೆ ಆ ತೊಂದರೆ ತಪ್ಪುತ್ತದೆ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಇಮ್ತಿಯಾಜ್ ಖಾಂಡೇ ಮತ್ತು ವೆಂಕಟೇಶನ್ ಸುಂದರೇಶನ್ ತಂಡ ಭತ್ತದಲ್ಲಿ ಅಂಥ ಭ್ರೂಣಗಳನ್ನು ಪಡೆದ ವಿವರ 2019ರಲ್ಲಿ ಪ್ರಕಟವಾಯಿತು. ಮೊದಲ ಮದುವೆ ಇಲ್ಲದೆಯೇ ಅಲ್ಲಿ ಮಗು ಹುಟ್ಟಿತು. ಆದರೆ ಅದೇ ಕಾಳಿನ ಭ್ರೂಣಾಹಾರ, ಅಂದರೆ ಅನ್ನವಾಗುವ ಭಾಗ, ಎಂದಿನಂತೆ ಪರಾಗದ ಗಂಡು ಕೋಶ ನಡುಕೋಶವನ್ನು ಸೇರಿದ ಮೇಲೆಯೇ ಬೆಳೆಯಿತು.